ಅತಿವ್ಯಾಪ್ತಿ: ತರ್ಕದಲ್ಲಿ ಮತ್ತು ಭಾಷಾಭ್ಯಾಸದಲ್ಲಿ

ಒಂದು ವಸ್ತುವಿಗೆ ಹೇಳಿದ ಲಕ್ಷಣವು ಅದನ್ನು ಮೀರಿ ಅನ್ಯವಸ್ತುಗಳಲ್ಲಿಯೂ ಕಂಡುಬಂದರೆ ಅದನ್ನು ನೈಯಾಯಿಕರು ಅತಿವ್ಯಾಪ್ತಿದೋಷವೆಂದು ಕರೆಯುತ್ತಾರೆ. ಕೊಂಬುಳ್ಳದ್ದೇ ಗೋವು ಎಂದರೆ ಎಮ್ಮೆಯೂ ಗೋವಾಗಬೇಕಾಗುತ್ತದೆ. ಅನುಮಾನದಲ್ಲಿಯೂ ಇಂತಹುದೇ ಅಪಾಯವುಂಟು. ಹೊಗೆಯಿದ್ದೆಡೆ ಬೆಂಕಿಯಿದೆಯೆಂಬುದು ಸತ್ಯ. ಬೆಂಕಿಯಿದ್ದೆಡೆಯೆಲ್ಲ ಹೊಗೆಯಿದೆಯೆಂಬುದು ಸತ್ಯವಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಸೌದೆಯ ಸಂಯೋಗವೆಂಬ ಉಪಾಧಿಯನ್ನು ಗಮನಿಸದವನಿಗೆ, ಅಡುಗೆಮನೆಯಲ್ಲಿ ಎರಡನ್ನೂ ನೂರು ಸಲ ಒಟ್ಟಿಗೆ ಕಂಡ ಅನುಭವವೂ ಭ್ರಮೆಗೆ ಕಾರಣವಾಗುತ್ತದೆ.

ಭಾಷಾಭ್ಯಾಸದಲ್ಲಿಯೂ ಈ ದೋಷವು ತಲೆದೋರುತ್ತದೆ. ಹಳಗನ್ನಡದ ಪಾಲ್, ಪೂ, ಪೋಗು ಎಂಬವು ಹೊಸಗನ್ನಡದಲ್ಲಿ ಹಾಲು, ಹೂ, ಹೋಗು ಎಂದಾದುದನ್ನು ಕಲಿತ ವಿದ್ಯಾರ್ಥಿಯು, ಮೊದಲಲ್ಲಿ ಹಕಾರವುಳ್ಳ ಶಬ್ದಗಳೆಲ್ಲ ಹಿಂದೆ ಪಕಾರದವೇ ಎಂದು ಬಗೆದು 'ಹಸ್ತ'ವನ್ನು 'ಪಸ್ತ'ವಾಗಿಸಿದರೆ, ಹೊಗೆ-ಬೆಂಕಿಗಳ ನಿಯಮವನ್ನು ತಿರುಗುಮುರುಗು ಮಾಡಿದಂತೆಯೇ ಸರಿ. ಹಸ್ತವು ಸಂಸ್ಕೃತದಿಂದ ಹಕಾರದೊಡನೆಯೇ ಬಂದ ಶಬ್ದ.

ಮಾಡಿದೆ, ನೋಡಿದೆ, ಹಾಡಿದೆ ಎಂದು ಕಲಿತ ಎಳೆಯ ಮಗು 'ಕೊಡಿದೆ' ಎನ್ನುವುದುಂಟು. ಹಿರಿಯರಾರೂ ಆಡದ ಈ ರೂಪವನ್ನು ಅದು ಕೇಳಿ ಕಲಿತದ್ದಲ್ಲ; ತಾನೇ ಗ್ರಹಿಸಿದ ನಿಯಮದಿಂದ ಸಾಧಿಸಿದ್ದು. ಅಮೆರಿಕದ ವಿದುಷಿ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪೋಷಕವಾಗಿದೆ. ಕಲ್ಪಿತ ಪ್ರಾಣಿಯೊಂದರ ಚಿತ್ರವನ್ನು ತೋರಿಸಿ ಅದಕ್ಕೆ 'ವಗ್' ಎಂದು ಹೆಸರಿಟ್ಟಾಗ, ಎಂದೂ ಕೇಳದ ಆ ಶಬ್ದಕ್ಕೂ ಮಕ್ಕಳು ಇಂಗ್ಲಿಷಿನ ಬಹುವಚನಪ್ರತ್ಯಯವನ್ನು ತಾವಾಗಿ ಸೇರಿಸಿದರು.

ಆದುದರಿಂದ 'ಕೊಡಿದೆ' ಎಂಬುದು ಅಜ್ಞಾನದ ಗುರುತಲ್ಲ, ಅರ್ಧಪಥದ ಜ್ಞಾನದ ಗುರುತು. ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆಂಬುದು ವೈಯಾಕರಣರ ಮತ; ಮಗುವಿಗೆ ಉತ್ಸರ್ಗವು ದೊರೆತಿದೆ, ಅಪವಾದವು ಇನ್ನೂ ದೊರೆತಿಲ್ಲ. ಉಪಾಧ್ಯಾಯನು ಗದರಿಸದೆ, ಕೊಡು, ಬಿಡು, ಇಡು, ನೆಡು ಎಂಬ ಧಾತುಗಳನ್ನು ಮಾಡು, ನೋಡು, ಹಾಡು ಎಂಬವುಗಳ ಪಕ್ಕದಲ್ಲಿ ಬರೆದು ತೋರಿಸಲಿ. ಮೊದಲನೆಯ ಗುಂಪಿನಲ್ಲಿ ಹ್ರಸ್ವಸ್ವರ, ಎರಡನೆಯದರಲ್ಲಿ ದೀರ್ಘಸ್ವರ. ಹ್ರಸ್ವವಿದ್ದಲ್ಲಿ ಕೊಟ್ಟೆ, ಬಿಟ್ಟೆ, ಇಟ್ಟೆ, ನೆಟ್ಟೆ ಎಂದಾಗುವುದನ್ನು ಮಗುವೇ ಕಂಡುಕೊಳ್ಳುತ್ತದೆ. ಹಸಿಸೌದೆಯಂತೆ ಇಲ್ಲಿ ಸ್ವರವೇ ಉಪಾಧಿ.

ಇದನ್ನು ಬಿಟ್ಟು, ಒಂದು ತಪ್ಪನ್ನು ಕೇಳಿದೊಡನೆ 'ಇವನು ಮಂದಮತಿ', 'ಹಳ್ಳಿಯ ಮಕ್ಕಳಿಗೆ ವ್ಯಾಕರಣ ಹತ್ತದು' ಎಂದು ತೀರ್ಮಾನಿಸುವ ಉಪಾಧ್ಯಾಯನು ಶಿಷ್ಯನಿಗಿಂತ ದೊಡ್ಡ ಅತಿವ್ಯಾಪ್ತಿಗೆ ಗುರಿಯಾಗುತ್ತಾನೆ. ಮಗುವು ಹತ್ತಾರು ಉದಾಹರಣೆಗಳಿಂದ ನಿಯಮವನ್ನು ಕಟ್ಟಿತು; ಅವನು ಒಂದರಿಂದಲೇ ಕಟ್ಟಿದನು. ಮಗುವಿನ ತಪ್ಪನ್ನು ಕಾಲವೇ ತಿದ್ದುತ್ತದೆ. ಗುರುವಿನ ತಪ್ಪು ಮಗುವಿನ ಬಾಳನ್ನೇ ಹಿಂಬಾಲಿಸಬಹುದು.