ಬೀಗ ಹಾಕಿದ ಫೈಟರ್‌ಗಳು

ಫೈಟಿಂಗ್ ಗೇಮ್ ‘ಟೆಕ್ಕನ್ 3’ ಪ್ಲೇಸ್ಟೇಷನ್‌ಗೆ ಬಂದದ್ದು 1998ರಲ್ಲಿ, ನಾನು ಹುಟ್ಟುವ ಮೊದಲೇ. ಶುರುವಿಗೆ ಸಿಗುವುದು 10 ಫೈಟರ್‌ಗಳಷ್ಟೇ. ಆರ್ಕೇಡ್ ಮೋಡ್ ಮುಗಿಸುತ್ತಾ ಹೋದಂತೆ ಉಳಿದವರು ಒಬ್ಬೊಬ್ಬರಾಗಿ ಹೊರಬರುತ್ತಾರೆ. ಡಾಕ್ಟರ್ ಬೊಸ್ಕೊನೊವಿಚ್ ಬೇಕೆಂದರೆ ‘ಟೆಕ್ಕನ್ ಫೋರ್ಸ್’ ಮೋಡನ್ನು ನಾಲ್ಕು ಸಲ ಗೆಲ್ಲಬೇಕು. ಅಷ್ಟು ಕಷ್ಟಪಟ್ಟರೆ ಆಸಾಮಿ ನೆಟ್ಟಗೆ ನಿಲ್ಲುವುದೂ ಇಲ್ಲ! ಆದರೂ ಅವನಿಗಾಗಿ ಒಬ್ಬನೇ ಕೂತು ಎಷ್ಟೋ ಭಾನುವಾರ ಆಡಿದ್ದೇನೆ.

2024ರ ‘ಟೆಕ್ಕನ್ 8’ರಲ್ಲಿ 32 ಫೈಟರ್‌ಗಳೂ ಮೊದಲ ದಿನವೇ ರೆಡಿ. ಸ್ಟೋರಿ ಚೆನ್ನಾಗಿದೆ, ಒಪ್ಪುತ್ತೇನೆ. ಅದು ಮುಗಿದ ಮೇಲೆ ಒಬ್ಬನೇ ಆಡಲು ನನಗಂತೂ ನೆಪವೇ ಉಳಿಯುವುದಿಲ್ಲ. ‘3’ರಲ್ಲಿ ಶುರುವಿನಿಂದಲೇ ಇದ್ದ ಎಡ್ಡಿ ಇಲ್ಲಿ ಆಮೇಲೆ ಬಂದ, ಅದೂ ಬೇರೆ ದುಡ್ಡು ಕೊಟ್ಟವರಿಗೆ. ಮುಂದಿನ ಭಾಗದಲ್ಲಿ ಹತ್ತು ಜನರನ್ನಾದರೂ ಬೀಗ ಹಾಕಿ ಇಡಲಿ. ನಮ್ಮ ಹತ್ತಿರ ದುಡ್ಡಿಲ್ಲದಿದ್ದರೂ ಸಮಯವಿದೆ, ಇಂಟರ್ನಲ್ಸ್ ಮುಗಿದ ಮೇಲೆ.