ಆಳನ್ನು ಕಾಯಬೇಕೇ, ನೆಲವನ್ನೇ?

ಅಪ್ಸರಕೊಂಡದ ಗುಡ್ಡದ ಮೇಲೆ ನಿಂತು ಕಡಲನ್ನು ನೋಡುವಾಗ ಒಂದೇ ದೋಣಿಯ ಬೆನ್ನು ಹತ್ತಿದ ಕಣ್ಣಿಗೆ ಉಳಿದವು ತಪ್ಪಿಹೋಗುತ್ತವೆ. ನೀರಿನುದ್ದಕ್ಕೂ ಹರಡಿದ ಕಣ್ಣಿಗೆ ಯಾವುದೂ ನೆಟ್ಟಗೆ ಸಿಕ್ಕುವುದಿಲ್ಲ. ಕಾಲ್ಚೆಂಡಾಟದಲ್ಲಿ ಮೂಲೆಯ ಒದೆತವನ್ನು, ಎಂದರೆ ಕಾರ್ನರನ್ನು, ಎದುರಿಸುವ ತಂಡದ ಇಕ್ಕಟ್ಟೂ ಇಂಥದೇ.

ಅದರ ಬೆಲೆಯನ್ನು ಬೆಂಗಳೂರು ಬಲ್ಲದು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ. ಸುನಿಲ್ ಛೇತ್ರಿಯವರ ಗೋಲಿನಿಂದ ಮುಂದಿದ್ದ ಬೆಂಗಳೂರು ಎಫ್‌ಸಿ, ವಿರಾಮಕ್ಕೆ ಮುನ್ನ ಎರಡು ಕಾರ್ನರ್‌ಗಳಲ್ಲಿ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಅವರ ತಲೆಹೊಡೆತಕ್ಕೆ ಎರಡು ಗೋಲು ತೆತ್ತಿತು. ಕೊನೆಗೆ 3–2ರಿಂದ ಸೋತಿತು.

ಆಳಿಗೊಬ್ಬ ಕಾವಲಿನವನಿದ್ದರೆ ಹೊಣೆ ಸ್ಪಷ್ಟ. ಆದರೆ ಎದುರಾಳಿ ಎಳೆದತ್ತ ಕಾವಲೂ ಸರಿದು, ಗೋಲಿನ ಮುಂದೆ ಬಯಲು ಬಿಡುತ್ತದೆ. ನೆಲವನ್ನು ಹಂಚಿಕೊಂಡು ನಿಂತರೆ ಆ ಬಯಲಿಲ್ಲ. ಆದರೆ ನಿಂತಲ್ಲಿಂದ ನೆಗೆಯುವವನಿಗಿಂತ ಓಡಿಬಂದು ನೆಗೆಯುವವನೇ ಎತ್ತರ. ಆದುದರಿಂದ ಎರಡನ್ನೂ ಬೆರೆಸುವುದುಂಟು: ತಲೆಹೊಡೆತದಲ್ಲಿ ಗಟ್ಟಿಗರಾದವರು ಗೋಲಿನ ಮುಂದಣ ನೆಲವನ್ನು ಕಾಯುತ್ತಾರೆ, ಉಳಿದವರು ಓಡಿಬರುವವರನ್ನು ಬಿಡದೆ ಹಿಂಬಾಲಿಸುತ್ತಾರೆ.

ಯಾವ ಪದ್ಧತಿಯೂ ಅಭೇದ್ಯವಲ್ಲ. ಆರಿಸುವ ಮುನ್ನ ತನ್ನವರ ಎತ್ತರವನ್ನೂ ಗೋಲ್‌ಕೀಪರನ ಧೈರ್ಯವನ್ನೂ ಅಳೆಯಬೇಕು. ಆರಿಸಿದ ಮೇಲೆ, ಚೆಂಡು ಗಾಳಿಯಲ್ಲಿರುವಾಗ ‘ಇದು ಯಾರ ಪಾಲಿನದು?’ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲಿಯೂ ಏಳಕೂಡದು.

ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಎಫ್‌ಸಿ ಗೋವಾದ ಎದುರು ಅಂತಿಮ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ದೊರೆತ ಕಾರ್ನರ್‌ನಿಂದ ರಾಹುಲ್ ಭೆಕೆ ತಲೆಯಿಂದ ಹೊಡೆದ ಒಂದೇ ಗೋಲು ಬೆಂಗಳೂರಿಗೆ ಪ್ರಶಸ್ತಿ ತಂದಿತು. ಹಿಂದಿನ ವರ್ಷ ಕಸಿದುಕೊಂಡದ್ದನ್ನು ಮೂಲೆಯೇ ಮರಳಿ ಕೊಟ್ಟಿತ್ತು; ಈ ಸಲ ಎಡವಿದ ಕಾವಲು ಮಾತ್ರ ಎದುರಿನವರದು.