ಜೀಪಿಗೆ ಹೆದರದ ಕುರಿ

ಯೂಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ಕೊಲರಾಡೊ ಮತ್ತು ಗ್ರೀನ್ ನದಿಗಳು ಕೊರೆದ ಕೆಂಪು ಕಮರಿಗಳ ಮೇಲೆ, ಬಿಳಿ ಮರಳುಗಲ್ಲಿನ ಅಂಚೊಂದು ಮೈಲಿಗಟ್ಟಲೆ ಹಾಸಿಕೊಂಡಿದೆ. ವೈಟ್ ರಿಮ್ ಅಂತಲೇ ಅದರ ಹೆಸರು. ಅಲ್ಲಿರುವ ನೂರು ಮೈಲಿಯ ಮಣ್ಣುದಾರಿ 1950ರ ದಶಕದಲ್ಲಿ ಯುರೇನಿಯಂ ಹುಡುಕಾಟಕ್ಕೆಂದು ಆದದ್ದು. ಯುರೇನಿಯಂ ಭರಾಟೆ ಇಳಿಯಿತು, ದಾರಿ ಪ್ರವಾಸಿಗರ ಪಾಲಾಯಿತು.

ವಸಂತದ ಬೆಳಗು. ದಾರಿಯ ಮೇಲ್ಗಡೆ ಬಂಡೆಯ ಚಾಚಿನಲ್ಲಿ ನಾಲ್ಕು ಹೆಣ್ಣುಕುರಿಗಳು ಮಲಗಿವೆ, ಪಕ್ಕದಲ್ಲಿ ಎರಡು ಮರಿಗಳು. ಮರುಭೂಮಿಯ ಬಿಗ್‌ಹಾರ್ನ್ ಕುರಿಗಳಿವು. ಮೈಬಣ್ಣ ಕಲ್ಲಿನದೇ, ಹಿಂಭಾಗದ ಬಿಳಿ ಮಚ್ಚೆ ಇಲ್ಲದಿದ್ದರೆ ಇವೆ ಅಂತ ಗೊತ್ತಾಗುವುದೂ ಕಷ್ಟ. ಹಿರಿಯ ಕುರಿ ಮೆಲುಕು ಹಾಕುತ್ತಿದೆ. ಕೆಳದವಡೆ ಅತ್ತಿತ್ತ ಆಡುತ್ತದೆ, ನಿಲ್ಲುತ್ತದೆ, ನುಂಗಿದ್ದು ಕೆಳಗಿಳಿಯುತ್ತದೆ. ಇನ್ನೊಂದು ಉಂಡೆ ಕತ್ತಿನುದ್ದಕ್ಕೂ ಮೇಲೇರಿ ಬರುವುದು ತೊಗಲಿನ ಹೊರಗಿನಿಂದಲೇ ಕಾಣುತ್ತದೆ. ದವಡೆ ಮತ್ತೆ ಆಡತೊಡಗುತ್ತದೆ.

ಮೊದಲು ಧೂಳು, ಹಿಂದೆಯೇ ಜೀಪಿನ ಸದ್ದು. ದವಡೆ ನಿಂತಿತು. ಕಿವಿ ಮುಂದಕ್ಕೆ ತಿರುಗಿತು. ಜೀಪು ಗುರುಗುಡುತ್ತಾ ತಿರುವು ದಾಟಿದ್ದೇ ತಡ, ಮೆಲುಕು ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಬಣ್ಣಬಣ್ಣದ ಹೆಲ್ಮೆಟ್ಟಿನ ಸೈಕಲ್ ಸವಾರರು ಹರಟುತ್ತಾ ಸಾಗಿದರು. ಅವರತ್ತ ಕತ್ತು ಹೊರಳಿಸುವ ಗೋಜಿಗೂ ಹಿರಿಯ ಕುರಿ ಹೋಗಲಿಲ್ಲ.

ಇನ್ನೊಂದು ಜೀಪು ನಿಂತಿತು. ಇಳಿದವನು ಸಭ್ಯಸ್ಥ. ಬಾಗಿಲನ್ನು ಸದ್ದಾಗದಂತೆ ಒತ್ತಿ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು, ದಾರಿ ಬಿಟ್ಟು ಪೊದೆಗಳ ನಡುವೆ ಬಗ್ಗಿ ಬಗ್ಗಿ ಹತ್ತತೊಡಗಿದ. ಕುರಿಗಳನ್ನು ಬೇಟೆಯಾಡುವ ದೊಡ್ಡ ಬೆಕ್ಕು ಪೂಮಾ ಕೂಡ ಹಾಗೆಯೇ ಬರುತ್ತದೆಂಬುದು ಅವನಿಗೆ ಹೊಳೆದಿರಲಿಕ್ಕಿಲ್ಲ. ಹಿರಿಯ ಕುರಿ ಎದ್ದು ಕಾಲು ಬಿಗಿದು ನಿಂತಿತು. ಮರಿ ಹೊಟ್ಟೆಯಡಿಗೆ ನುಸುಳಿತು. ಇನ್ನೂ ನಾಲ್ಕು ಹೆಜ್ಜೆ. ಅಷ್ಟೇ, ಇಡೀ ಗುಂಪು ಗೋಡೆಯಂಥ ಬಂಡೆಯನ್ನೇರಿ ಮಾಯ. ಒಂದಿಷ್ಟು ಕಲ್ಲು ಉರುಳಿದವು. ಆತನ ಕ್ಯಾಮೆರಾಕ್ಕೆ ದಕ್ಕಿದ್ದು ಬಿಳಿ ಪೃಷ್ಠಗಳ ಚಿತ್ರ.

ದೃಶ್ಯ ನನ್ನ ಕಲ್ಪನೆಯದಾದರೂ ಅದರ ಲೆಕ್ಕ ಕಲ್ಪನೆಯದಲ್ಲ. 1993 ಮತ್ತು 1994ರಲ್ಲಿ ಸಂಶೋಧಕರು ಇದೇ ಉದ್ಯಾನದ ಕುರಿಗಳ ಬೆನ್ನು ಹತ್ತಿದ್ದರು. ವರದಿ 2001ರಲ್ಲಿ ಪ್ರಕಟವಾಯಿತು. ನಡೆದು ಬಂದವರು ಎದುರಾದಾಗ ಶೇ 61 ಸಲ ಕುರಿಗಳು ಓಡಿದ್ದವು. ವಾಹನಗಳಿಗೆ ಓಡಿದ್ದು ಶೇ 17 ಸಲ, ಸೈಕಲ್ಲುಗಳಿಗೆ ಬರೀ ಶೇ 6. ಹೊಗೆಯುಗುಳುವ ಜೀಪಿನವರನ್ನು ಕಂಡು ಮೂಗು ಮುರಿಯುವ ನಮ್ಮಂಥ ನಡಿಗೆಪ್ರಿಯರಿಗೆ ಇದು ಸ್ವಲ್ಪ ಕಹಿಯೇ. ಜೀಪು ದಾರಿ ಬಿಡುವುದಿಲ್ಲ, ನಾಳೆಯೂ ಅಲ್ಲೇ ಹಾಯುತ್ತದೆ ಎಂಬುದನ್ನು ಕುರಿ ಬಲ್ಲದು. ಚಾರಣಿಗ ಎಲ್ಲಿಂದ ತಲೆ ಎತ್ತುತ್ತಾನೋ ಹೇಳಬರುವುದಿಲ್ಲ. ಮೇಲಾಗಿ, ಕಂಡೊಡನೆ ನೇರ ಕುರಿಯತ್ತಲೇ ಬರುತ್ತಾನೆ.

ಹಾಗಂತ ದಾರಿಗಳು ನಿರಪಾಯಕಾರಿ ಎನ್ನುವಂತಿಲ್ಲ. ಜನಸಂಚಾರ ಕಡಿಮೆಯಿದ್ದ ಕಡೆ ಕುರಿಗಳು ರಸ್ತೆಯಿಂದ ಸರಾಸರಿ 354 ಮೀಟರ್ ದೂರದಲ್ಲಿದ್ದರೆ, ಹೆಚ್ಚಿದ್ದ ಕಡೆ 490 ಮೀಟರ್ ದೂರ ಸರಿದಿದ್ದವು. ಯಾರೂ ಅಟ್ಟಲಿಲ್ಲ, ಯಾವುದೂ ಓಡಲಿಲ್ಲ. ಆದರೂ ರಸ್ತೆ ಬದಿಯ ಮೇವು ಕೈತಪ್ಪಿತು. ಹನಿ ನೀರಿಗೂ ಎಟಕುವ ಸೊಪ್ಪಿಗೂ ಲೆಕ್ಕವಿರುವ ನಾಡಿನಲ್ಲಿ, ಹಾಲೂಡಿಸುವ ತಾಯಿಗೆ ಇದು ಸಣ್ಣ ನಷ್ಟವಲ್ಲ. ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಪ್ರವಾಸಿಗರನ್ನು ಹೊತ್ತ ಹೆಲಿಕಾಪ್ಟರುಗಳು ಹಾರಾಡಿದಾಗ ಚಳಿಗಾಲದಲ್ಲಿ ಕುರಿಗಳ ಮೇಯುವ ದಕ್ಷತೆ ಶೇ 43ರಷ್ಟು ಕುಸಿದದ್ದೂ ದಾಖಲಾಗಿದೆ.

ಇನ್ನು ಕದಲದೆ ನಿಂತ ಕುರಿ ನೆಮ್ಮದಿಯಾಗಿದೆಯೇ? ಕೆನಡಾದ ಆಲ್ಬರ್ಟಾದಲ್ಲಿ ಇವುಗಳ ದಾಯಾದಿಗಳಾದ ಪರ್ವತದ ಬಿಗ್‌ಹಾರ್ನ್‌ಗಳ ಎದೆಬಡಿತವನ್ನು ರೇಡಿಯೊ ಮೂಲಕ ಅಳೆದರು. ಮೇಲ್ನೋಟಕ್ಕೆ ಶಾಂತವಾಗಿದ್ದಾಗಲೂ ಬಡಿತ ಏರಬಹುದೆಂದು ತಿಳಿದುಬಂತು. ನಾಯಿಯೊಂದಿಗೆ ಬಂದ ಮನುಷ್ಯನಂತೂ ಅದನ್ನು ಎಲ್ಲರಿಗಿಂತ ಹೆಚ್ಚು ಏರಿಸಿದ್ದ. ನಾಯಿ ಎಷ್ಟೇ ಸಾಧುವಾಗಿರಲಿ, ಕುರಿಯ ಕಣ್ಣಿಗೆ ಅದು ತೋಳದ ಜಾತಿ.

ನೆವಾಡಾದ ಬೌಲ್ಡರ್ ಸಿಟಿಗೆ ಹೋದರೆ ಈ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿನ ಹೆಮನ್‌ವೇ ಪಾರ್ಕಿನ ಹಸಿರು ಹುಲ್ಲಿಗೆ ಬೆಟ್ಟದ ಕುರಿಗಳು ತಾವಾಗಿಯೇ ಇಳಿದು ಬರುತ್ತವೆ. ಜನ ನೋಡುತ್ತಿದ್ದಂತೆಯೇ ಮೇಯುತ್ತವೆ. ಹುಲ್ಲಿನ ಆಸೆಯೂ ದಿನನಿತ್ಯದ ಒಂದೇ ತರದ ಜನಸಂದಣಿಯೂ ಸೇರಿ ಭಯವನ್ನು ಮಣಿಸಿವೆ ಎಂದೇ ನನ್ನ ಅಂದಾಜು.

ಅರಿಜೋನಾದ ಟೂಸಾನ್ ನಗರದ ಬೆನ್ನಿಗಿರುವ ಪುಶ್ ರಿಜ್‌ನಲ್ಲಿ ಕಥೆ ಅಷ್ಟು ಸುಲಭವಾಗಲಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಕುರಿಗಳು ಅಳಿದವು. ಬೆಟ್ಟದ ಬುಡದವರೆಗೆ ಎದ್ದ ಮನೆಗಳು, ಬೆಂಕಿ ಬೀಳದೆ ದಟ್ಟವಾದ ಪೊದೆಗಳು, ಪೂಮಾಗಳು, ಚಾರಣಿಗರು, ಅವರ ನಾಯಿಗಳು: ದೂರಲು ಹಲವರಿದ್ದರು. 2013ರ ನವೆಂಬರಿನಲ್ಲಿ ಬೇರೆ ಬೆಟ್ಟಗಳಿಂದ 31 ಕುರಿಗಳನ್ನು ತಂದು ಬಿಟ್ಟರು. ಹಲವನ್ನು ಪೂಮಾಗಳು ತಿಂದವು. ಮತ್ತೆ ತಂದು ಬಿಟ್ಟರು. ಕುರಿಗಳ ವಲಯದೊಳಗೆ ನಾಯಿಗಳಿಗೆ ಪ್ರವೇಶವಿಲ್ಲ. ಮರಿ ಹಾಕುವ ಕಾಲವೆಂದು ಜನವರಿ 1ರಿಂದ ಏಪ್ರಿಲ್ 30ರವರೆಗೆ ಯಾರೂ ಕಾಲುದಾರಿಯಿಂದ 400 ಅಡಿಗಿಂತ ಆಚೆ ಹೋಗುವಂತಿಲ್ಲ. ನಡೆಯಲು ಅಡ್ಡಿಯಿಲ್ಲ, ಎಲ್ಲಿ ನಡೆಯುತ್ತೀರೆಂಬುದು ಕುರಿಗೆ ಮೊದಲೇ ಗೊತ್ತಿದ್ದರಾಯಿತು.